ತೋಟದ ಮನೆಯವರಿಗೆ ಒಂದು ಬಹಿರಂಗ ಪತ್ರ: ಕರೆಂಟು ಹೋದ ಮೇಲೂ ಉರಿಯುವ ಸೋಲಾರ್ ಯಾವುದು?

ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಬಾಳುತ್ತಿರುವ ಹಿರಿಯರಿಗೆ, ಅಕ್ಕ-ತಂಗಿಯರಿಗೆ, ಅಣ್ಣ-ತಮ್ಮಂದಿರಿಗೆ:

ಮನೆ ಮೇಲೆ ಸೋಲಾರ್ ಹಾಕಿಸುವ ಮಾತು ಈಗ ಊರೂರಲ್ಲೂ ಎದ್ದಿದೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಬಂದ ಮೇಲೆ ಆ ಮಾತಿಗೆ ಇನ್ನಷ್ಟು ಬಿಸಿ ಏರಿದೆ. ಒಂದು ಕೋಟಿ ಮನೆಗಳ ಗುರಿ, 75,021 ಕೋಟಿ ರೂಪಾಯಿಯ ಯೋಜನೆ ಅದು. ಒಂದು ಕಿಲೋವಾಟ್ ಹಾಕಿಸಿದರೆ 30 ಸಾವಿರ ರೂಪಾಯಿ, ಎರಡಕ್ಕೆ 60 ಸಾವಿರ, ಮೂರು ಅಥವಾ ಅದಕ್ಕಿಂತ ಹೆಚ್ಚಿಗೆ 78 ಸಾವಿರ ಸಹಾಯಧನ. ಒಳ್ಳೆಯದೇ. ಆದರೆ ದುಡ್ಡು ಕಟ್ಟುವ ಮುನ್ನ ತೋಟದ ಮನೆಯವರು ಕೇಳಲೇಬೇಕಾದ ಒಂದು ಪ್ರಶ್ನೆಯಿದೆ: ಕರೆಂಟು ಹೋದಾಗ ಇದು ಉರಿಯುತ್ತದೆಯೇ?

ಬಹುತೇಕ ಮನೆಗಳಿಗೆ ಉತ್ತರ, ಇಲ್ಲ. ಸಹಾಯಧನದಲ್ಲಿ ಸಾಮಾನ್ಯವಾಗಿ ಹಾಕುವುದು ಬ್ಯಾಟರಿ ಇಲ್ಲದ ಆನ್‌ಗ್ರಿಡ್ ವ್ಯವಸ್ಥೆ. ಪ್ಯಾನೆಲ್‌ನಿಂದ ಬಂದ ಕರೆಂಟನ್ನು ಮನೆ ಬಳಸಿಕೊಂಡು, ಮಿಕ್ಕಿದ್ದು ಬೆಸ್ಕಾಂ ತಂತಿಗೆ ಹೋಗುತ್ತದೆ. ಎರಡೂ ಕಡೆ ಓಡುವ ಮೀಟರ್ ಅದರ ಲೆಕ್ಕ ಹಿಡಿಯುತ್ತದೆ. ತಂತಿಯಲ್ಲಿ ಕರೆಂಟು ನಿಂತ ಕ್ಷಣವೇ ಈ ವ್ಯವಸ್ಥೆಯ ಇನ್ವರ್ಟರ್ ಕೂಡ ತಾನಾಗಿ ನಿಂತುಬಿಡುತ್ತದೆ. ಮಟಮಟ ಮಧ್ಯಾಹ್ನ, ನೆತ್ತಿಯ ಮೇಲೆ ಸುಡುವ ಬಿಸಿಲು, ಸೂರಿನ ಮೇಲೆ ಮೂರು ಕಿಲೋವಾಟ್ ಪ್ಯಾನೆಲ್, ಒಳಗೆ ಒಂದು ಬಲ್ಬೂ ಉರಿಯುವುದಿಲ್ಲ. ಇದು ಕೆಟ್ಟ ಮಾಲಿನ ಲಕ್ಷಣವಲ್ಲ. ಲೈನ್ ಆಫ್ ಮಾಡಿಸಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಹಿಂದಕ್ಕೆ ಹರಿದ ಕರೆಂಟು ಹೊಡೆಯಬಾರದೆಂದು ಬೇಕೆಂದೇ ಹಾಗೆ ಮಾಡಿರುತ್ತಾರೆ. ಪೇಟೆಯ ಮನೆಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಅಲ್ಲಿ ಬೇಕಾಗಿರುವುದು ಬಿಲ್ಲು ಇಳಿಯುವುದು. ತೋಟದ ಮನೆಗೆ ಬೇಕಾಗಿರುವುದೇ ಬೇರೆ.

ತೋಟದ ಮನೆಯ ಪಾಡು ಗೊತ್ತಿರುವುದು ಅಲ್ಲಿರುವವರಿಗೆ ಮಾತ್ರ. ರಾಜ್ಯದಲ್ಲಿ ನಿರಂತರ ಜ್ಯೋತಿ ಯೋಜನೆ ಬಂದಾಗ ಊರಿನ ಫೀಡರ್ ಬೇರೆ, ಪಂಪ್‌ಸೆಟ್ಟಿನ ಫೀಡರ್ ಬೇರೆ ಆಯಿತು. ಊರೊಳಗಿನ ಮನೆಗಳಿಗೆ ಅನುಕೂಲವಾಯಿತು. ಊರಾಚೆ, ಬೋರ್‌ವೆಲ್ ಪಕ್ಕದಲ್ಲಿ ಮನೆ ಕಟ್ಟಿಕೊಂಡವರು ಪಂಪ್‌ಸೆಟ್ ಫೀಡರ್‌ನಲ್ಲೇ ಉಳಿದರು. ಅಲ್ಲಿ ತ್ರೀ ಫೇಸ್ ಏಳು ಗಂಟೆ. ಮಿಕ್ಕ ಹೊತ್ತು ಸಿಂಗಲ್ ಫೇಸ್ ಬಂದರೆ ಬಂತು, ಇಲ್ಲವಾದರೆ ಇಲ್ಲ. 2023ರ ಬರದಲ್ಲಿ ಆ ಏಳು ಗಂಟೆಯನ್ನೂ ಕೊಡಲಾಗದೆ ಐದು ಗಂಟೆಗೆ ಇಳಿಸಿದ್ದು, ರೈತರು ಬೀದಿಗಿಳಿದದ್ದು ಯಾರೂ ಮರೆತಿಲ್ಲ. ಟ್ರಾನ್ಸ್‌ಫಾರ್ಮರ್ (ಟಿಸಿ) ಸುಟ್ಟರಂತೂ ಹೊಸದು ಬರುವವರೆಗೆ ಕತ್ತಲೆಯೇ.

ಹಗಲು ಹೊತ್ತಿನ ಪಂಪ್‌ಸೆಟ್ ಕರೆಂಟಿಗೆ ಸರ್ಕಾರ ಬೇರೆ ದಾರಿ ಹಿಡಿದಿದೆ. ಸಬ್‌ಸ್ಟೇಷನ್ ಹತ್ತಿರವೇ ಸೋಲಾರ್ ಘಟಕ ಹಾಕಿ ಆ ಫೀಡರ್‌ಗಳಿಗೆ ಹಗಲಲ್ಲೇ ಕರೆಂಟು ಕೊಡುವ ಕುಸುಮ್-ಸಿ ಯೋಜನೆಗೆ 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ತೊಂಡೇಭಾವಿ ಹೋಬಳಿಯಲ್ಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ಚಾಲನೆ ಕೊಟ್ಟರು. ಮೋಟಾರಿಗೆ ಅದರಿಂದ ಉಪಕಾರ. ರಾತ್ರಿ ಎಂಟರ ಮೇಲೆ ಮಕ್ಕಳು ಓದಲು ಕೂತಾಗ ಅದು ನೆರವಿಗೆ ಬಾರದು. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಅಲ್ಲಿ ಹುಟ್ಟಿದ ಕರೆಂಟು ಗ್ರಿಡ್‌ಗೆ ಹೋಗುತ್ತದೆ. ಅದರ ಬೇಲಿಯಾಚೆಯ ಮನೆಯ ಟಿಸಿ ಸುಟ್ಟರೆ ಅಲ್ಲೂ ದೀಪ ಉರಿಯುವುದಿಲ್ಲ.

ಇನ್ನು ರಾಜ್ಯದ ಗೃಹಜ್ಯೋತಿ ಯೋಜನೆ. 2023ರ ಆಗಸ್ಟ್‌ನಿಂದ 200 ಯೂನಿಟ್‌ವರೆಗೆ ಬಿಲ್ಲಿಲ್ಲ. ಹಳ್ಳಿ ಮನೆಯ ಬಳಕೆ ಅದರೊಳಗೇ ಇರುವುದರಿಂದ ಬಿಲ್ಲು ಉಳಿಸಲೆಂದು ಮೂರು ಕಿಲೋವಾಟ್ ಹಾಕಿಸುವ ಲೆಕ್ಕ ಇಲ್ಲಿ ಕೂಡಿಬರುವುದು ಕಷ್ಟ. ಎಷ್ಟೋ ತೋಟದ ಮನೆಗಳಿಗೆ ಗೃಹಬಳಕೆಯ ಆರ್.ಆರ್. ನಂಬರೇ ಇಲ್ಲ, ಹಾಗಾಗಿ ಸೂರ್ಯಘರ್‌ನ ಅರ್ಜಿಯೂ ಮುಂದೆ ಹೋಗದು. ಅವರ ಅಗತ್ಯವನ್ನು ನೇರವಾಗಿ ಹೇಳುವುದಾದರೆ ಇಷ್ಟೇ: ಸಂಜೆ ಆರರಿಂದ ಬೆಳಗಿನ ಆರರವರೆಗೆ ನಾಲ್ಕು ದೀಪ, ಎರಡು ಫ್ಯಾನು, ಟಿವಿ, ವೈಫೈ, ಫೋನ್ ಚಾರ್ಜು. ರೇಷ್ಮೆ ಹುಳು ಸಾಕುವ ಮನೆಯಾದರೆ ಹುಳುಮನೆಯ ಗಾಳಿ.

ಹುಳುಮನೆಯ ಮಾತನ್ನು ತುಸು ವಿವರವಾಗಿ ಆಡಬೇಕು. ಏಕೆಂದರೆ ಈ ಸೀಮೆಯಲ್ಲಿ ಕರೆಂಟು ಕೈಕೊಟ್ಟರೆ ನೇರವಾಗಿ ದುಡ್ಡು ಕಳೆಯುವುದು ಅಲ್ಲಿಯೇ. ನಾಲ್ಕನೇ ಜ್ವರ ಎದ್ದ ಹುಳು ತನ್ನ ಇಡೀ ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಮುಕ್ಕಾಲಿಗಿಂತ ಹೆಚ್ಚನ್ನು ಆ ಒಂದು ವಾರದಲ್ಲಿ ತಿನ್ನುತ್ತದೆ. ಸೊಪ್ಪಿನ ತೇವ, ಹಿಕ್ಕೆಯ ಕಾವು, ಸಾವಿರಾರು ಹುಳುಗಳ ಉಸಿರು ಎಲ್ಲವೂ ಆ ಕೋಣೆಯೊಳಗೇ. ಚಾಕಿ ಹುಳುವಿಗೆ 27-28 ಡಿಗ್ರಿ ಬಿಸಿ, 85-90ರಷ್ಟು ತೇವ ಬೇಕು. ದೊಡ್ಡ ಹುಳುವಿಗೆ 24-25 ಡಿಗ್ರಿ, 70ರ ಆಸುಪಾಸಿನ ತೇವ ಸಾಕು, ಗಾಳಿ ಮಾತ್ರ ಆಡುತ್ತಲೇ ಇರಬೇಕು. ಆದರೆ ಊಜಿ ನೊಣದ ಕಾಟಕ್ಕೆ ಕಿಟಕಿ, ಬಾಗಿಲಿಗೆಲ್ಲ ನೈಲಾನ್ ಪರದೆ ಬಿಗಿದಿರುತ್ತದೆ. ಗಾಳಿ ತಾನಾಗಿ ಓಡಾಡುವುದು ಅಲ್ಲಿಗೆ ಅರ್ಧ ನಿಂತಿತು. ಇದ್ದ ಫ್ಯಾನೂ ಏಪ್ರಿಲ್ ರಾತ್ರಿ ನಿಂತುಹೋದರೆ ಸೆಕೆ ಏರಿ ಹುಳು ಸಪ್ಪೆಯಾಗಿ, ರೋಗ ಹತ್ತಲು ದಾರಿಯಾಗುತ್ತದೆ. ಇಪ್ಪತ್ತು ದಿನ ಸೊಪ್ಪು ಕಡಿದು ಹಾಕಿದ ಬೆಳೆ, ಚಂದ್ರಂಕಿಗೆ ಬಿಡುವ ಹೊತ್ತಿಗೆ ಕೈಬಿಟ್ಟರೆ ಆ ಮನೆ ಎರಡು ತಿಂಗಳು ಹಿಂದಕ್ಕೆ ಹೋಯಿತೆಂದೇ ಲೆಕ್ಕ.

ಇದನ್ನು ತಡೆಯಲು ದೊಡ್ಡ ಡೀಸೆಲ್ ಜನರೇಟರ್ ಬೇಕಿಲ್ಲ. ಬಿಎಲ್‌ಡಿಸಿ ಫ್ಯಾನು 30 ವಾಟ್ ಆಸುಪಾಸು ತಿನ್ನುತ್ತದೆ, ಹಳೆಯ ಫ್ಯಾನು 75. ನಾಲ್ಕು ಬಿಎಲ್‌ಡಿಸಿ ಫ್ಯಾನು ಆರು ಗಂಟೆ ಓಡಿದರೆ 720 ವಾಟ್-ಅವರ್, ಮುಕ್ಕಾಲು ಯೂನಿಟ್ಟಿಗೂ ಕಡಿಮೆ. ಒಂದೇ ಎಚ್ಚರಿಕೆ: ಬ್ಯಾಟರಿ, ಇನ್ವರ್ಟರ್ ಎರಡನ್ನೂ ಹುಳುಮನೆಯೊಳಗೆ ಇಡಬೇಡಿ. ಪ್ರತಿ ಬೆಳೆಗೂ ಮುನ್ನ ಬ್ಲೀಚಿಂಗ್ ಪುಡಿ ಹಾಕಿ ತೊಳೆಯುವ ಕೋಣೆ ಅದು; ಕ್ಲೋರಿನ್ ಆವಿ ಟರ್ಮಿನಲ್ಲನ್ನೂ ಸರ್ಕ್ಯೂಟನ್ನೂ ತಿಂದುಹಾಕುತ್ತದೆ. ಹೊರಗೆ ಪುಟ್ಟ ಗೂಡು ಕಟ್ಟಿ, ಒಳಕ್ಕೆ ತಂತಿ ಮಾತ್ರ ಎಳೆಯಿರಿ.

ಮನೆಯ ಲೆಕ್ಕವನ್ನೂ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. ಒಂಬತ್ತು ವಾಟ್‌ನ ನಾಲ್ಕು ಎಲ್‌ಇಡಿ ಬಲ್ಬು ನಾಲ್ಕು ಗಂಟೆಗೆ 144. ಎರಡು ಬಿಎಲ್‌ಡಿಸಿ ಫ್ಯಾನು ರಾತ್ರಿ ಎಂಟು ಗಂಟೆಗೆ 480. ಐವತ್ತು ವಾಟ್‌ನ ಟಿವಿ ಮೂರು ಗಂಟೆಗೆ 150. ವೈಫೈ ಡಬ್ಬಿ ಹತ್ತು ಗಂಟೆಗೆ 100. ಮೂರು ಫೋನಿಗೆ 45. ಎಲ್ಲ ಕೂಡಿದರೆ 919 ವಾಟ್-ಅವರ್, ಅಂದರೆ ಒಂದು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ಬ್ಯಾಟರಿಯೊಳಗೆ, ಇನ್ವರ್ಟರಿನೊಳಗೆ ಕಳೆದುಹೋಗುವುದನ್ನು ಸೇರಿಸಿದರೆ ದಿನಕ್ಕೆ ಒಂದೂಕಾಲು ಯೂನಿಟ್ ಹುಟ್ಟಬೇಕು. ಕರ್ನಾಟಕದ ಬಿಸಿಲಿಗೆ ಒಂದು ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ. ಹಾಗಾದರೆ 300 ವಾಟ್‌ನ ಆಸುಪಾಸು ಸಾಕು; ಆಷಾಢ, ಶ್ರಾವಣದ ಮೋಡಕ್ಕೆಂದು 500 ವಾಟ್ ಇಟ್ಟುಕೊಂಡರೆ ನಿಶ್ಚಿಂತೆ. ಒಂದೇ ಒಂದು ದೊಡ್ಡ ಪ್ಯಾನೆಲ್. ಮೂರು ಕಿಲೋವಾಟ್ ಇಲ್ಲದಿದ್ದರೆ ಆಗುವುದೇ ಇಲ್ಲ ಎನ್ನುವ ಮಾರಾಟಗಾರನ ಮುಂದೆ ಈ ಕಾಗದ ಇಡಿ.

ಈ ಪಟ್ಟಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಗೀಸರ್, ಮೇವು ಕತ್ತರಿಸುವ ಯಂತ್ರ, ಬೋರ್‌ವೆಲ್ ಮೋಟಾರ್ ಇಲ್ಲ. ಇರಬಾರದು ಕೂಡ. ಸಾವಿರ ಅಡಿ ದಾಟಿದ ಕೊಳವೆಬಾವಿಯ ಮೋಟಾರನ್ನು ಮನೆಯ ಬ್ಯಾಟರಿಯಲ್ಲಿ ಓಡಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಮೋಟಾರು ಶುರುವಾಗುವ ಕ್ಷಣದಲ್ಲಿ ಅದು ಓಡುವಾಗಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ.

ಸೋಲಾರ್ ಜನರೇಟರ್ ಎಂಬ ಹೆಸರಿನಲ್ಲಿ ಈಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಡಬ್ಬಿಗಳು ಮಾರಾಟಕ್ಕೆ ಬಂದಿವೆ. ಅದರೊಳಗೆ ಲಿಥಿಯಂ ಬ್ಯಾಟರಿ, ಇನ್ವರ್ಟರ್, ಚಾರ್ಜ್ ಕಂಟ್ರೋಲರ್ ಮೂರೂ ಸೇರಿರುತ್ತವೆ. ಜೊತೆಗೆ ಮಡಚುವ ಪ್ಯಾನೆಲ್. ಸದ್ದಿಲ್ಲ, ಹೊಗೆಯಿಲ್ಲ, ವೈರಿಂಗ್ ಬೇಡ. ಬಾಡಿಗೆ ಮನೆಯವರಿಗೆ, ಚಿಂತಾಮಣಿ ಸಂತೆಯಲ್ಲಿ ಸಂಜೆ ಅಂಗಡಿ ಹಾಕುವವರಿಗೆ, ಟೊಮ್ಯಾಟೊ ತೋಟ ಕಾಯುವವರಿಗೆ ಒಪ್ಪುವ ವಸ್ತು. ಅದರ ಮೇಲೆ ಎರಡು ಅಂಕಿ ಇರುತ್ತವೆ, ಎರಡನ್ನೂ ಓದಬೇಕು. ವಾಟ್-ಅವರ್ ಎಂದರೆ ಒಳಗೆ ಎಷ್ಟು ಕರೆಂಟು ಹಿಡಿಯುತ್ತದೆ ಎಂಬುದು. ವಾಟ್ ಎಂದರೆ ಒಂದೇ ಸಲಕ್ಕೆ ಎಷ್ಟು ಕೊಡಬಲ್ಲದು ಎಂಬುದು. 500 ವಾಟ್-ಅವರ್‌ನ ಡಬ್ಬಿ ಮೇಲಿನ ಮನೆಯ ಪಟ್ಟಿಗೆ ಅರ್ಧ ರಾತ್ರಿಯೂ ಬಾರದು. 300 ವಾಟ್‌ಗಿಂತ ಹೆಚ್ಚು ಕೊಡಲಾಗದ ಡಬ್ಬಿಗೆ ಮಿಕ್ಸಿ ಸಿಕ್ಕಿಸಿದರೆ ಅದು ತಕ್ಷಣ ಕಟ್ ಆಗುತ್ತದೆ. ಒಂದೇ ಕಡೆ ನೆಲೆಯಾಗಿರುವ ಮನೆಗೆ, ಅದೇ ದುಡ್ಡಿನಲ್ಲಿ ಸೂರಿನ ಪ್ಯಾನೆಲ್ ಮತ್ತು ಬಿಡಿ ಬ್ಯಾಟರಿಯೇ ಮೇಲು. ಯಾವುದಾದರೂ ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಾಯಿಸಬಹುದು, ಗೌರಿಬಿದನೂರು ಪೇಟೆಯಲ್ಲೇ ರಿಪೇರಿಯೂ ಆಗುತ್ತದೆ.

ಬ್ಯಾಟರಿ ವಿಚಾರದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇದೆ. ಅದನ್ನು ದಿನಾ ಪೂರ್ತಿ ಬರಿದು ಮಾಡಿದರೆ ಬೇಗ ಸಾಯುತ್ತದೆ. ಅರ್ಧದಷ್ಟು ಬಳಸಿ ಅರ್ಧ ಉಳಿಸಿದರೆ ನಾಲ್ಕೈದು ವರ್ಷ ಬಾಳುತ್ತದೆ. ಹಾಗಾಗಿ ಕೈಗೆ ಸಿಗುವುದು 0.9 ಯೂನಿಟ್. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ 100 ಎಎಚ್‌ನಲ್ಲೇ ಒಂದು ಯೂನಿಟ್ ಧಾರಾಳವಾಗಿ ಬಳಸಬಹುದು, ನೀರು ತುಂಬುವ ಗೋಜಿಲ್ಲ, ಬಾಳಿಕೆ ಎರಡು ಪಟ್ಟಿಗೂ ಹೆಚ್ಚು. ಬೆಲೆಯೂ ಹಾಗೆಯೇ ಹೆಚ್ಚು. ಟ್ಯೂಬುಲರ್ ಕೊಂಡವರು ಅದಕ್ಕೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನನ್ನೂ ಹಾಕಬಾರದು. ಈ ಸೀಮೆಯ ಬೋರ್‌ವೆಲ್ ನೀರಿನ ಸುಣ್ಣ ಬ್ಯಾಟರಿಗೆ ವಿಷ. ಚಾರ್ಜ್ ಆಗುವಾಗ ಟ್ಯೂಬುಲರ್ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಅಡುಗೆಮನೆಯಲ್ಲಿ, ದೇವರ ಗೂಡಿನ ಕೆಳಗೆ, ಗಾಳಿಯಾಡದ ಮೆಟ್ಟಿಲ ಸಂದಿಯಲ್ಲಿ ಅದನ್ನು ಇಡಬೇಡಿ. ನಂದಾದೀಪ ಉರಿಯುವ ಮನೆಗಳಲ್ಲಿ ಇದನ್ನು ಮನೆಮಂದಿಗೆಲ್ಲ ಹೇಳಿ.

ಇನ್ನೊಂದು ತಪ್ಪು ಕಣ್ಣಿಗೆ ಕಾಣದು, ವರ್ಷಗಟ್ಟಲೆ ನಷ್ಟ ಮಾಡುತ್ತದೆ. ಮನೆಯಲ್ಲಿ ಮೊದಲೇ ಇರುವ ಯುಪಿಎಸ್ ಬ್ಯಾಟರಿಗೆ 550 ವಾಟ್‌ನ ಹೊಸ ಪ್ಯಾನೆಲ್ ತಂದು, ನಡುವೆ ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್ ಹಾಕುತ್ತಾರೆ. ಆ ಪ್ಯಾನೆಲ್ ಕೆಲಸ ಮಾಡುವುದು 40 ವೋಲ್ಟ್ ಆಸುಪಾಸಿನಲ್ಲಿ, ಕರೆಂಟು ಸುಮಾರು 13 ಆಂಪಿಯರ್. ಪಿಡಬ್ಲ್ಯುಎಂ ಅದನ್ನು ಬ್ಯಾಟರಿಯ 13 ವೋಲ್ಟ್‌ಗೆ ಎಳೆದು ತರುತ್ತದೆ, ಆಂಪಿಯರ್ ಮಾತ್ರ ಹೆಚ್ಚುವುದಿಲ್ಲ. ಹದಿಮೂರು ಹದಿಮೂರಲೇ 169. ಐನೂರೈವತ್ತು ವಾಟ್‌ಗೆ ದುಡ್ಡು ಕೊಟ್ಟು ಮನೆಗೆ ಬರುವುದು 170 ವಾಟ್! ಎಂಪಿಪಿಟಿ ಎಂಬ ಕಂಟ್ರೋಲರ್ ಹಾಕಿದರೆ ಈ ನಷ್ಟವಿಲ್ಲ. ಕೊಟೇಶನ್ನಿನಲ್ಲಿ ಆ ನಾಲ್ಕು ಅಕ್ಷರ ಇದೆಯೇ ನೋಡಿ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು, ಸುಮಾರು 14 ಡಿಗ್ರಿ ಓರೆಯಾಗಿರಬೇಕು. ಓರೆ ಊರಿನ ಅಕ್ಷಾಂಶದಷ್ಟಿದ್ದರೆ ಸರಿ; ಗೌರಿಬಿದನೂರಿನ ಅಕ್ಷಾಂಶ ಹದಿಮೂರೂವರೆ ಡಿಗ್ರಿಗಿಂತ ತುಸು ಹೆಚ್ಚು. ನೀರಿನ ಸಿಂಟೆಕ್ಸ್ ನೆರಳು, ತೆಂಗಿನ ಗರಿಯ ನೆರಳು ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್‌ನ ಹುಟ್ಟುವಳಿ ಕುಸಿಯುತ್ತದೆ. ತೊಳೆಯುವುದು ಬೆಳಗಿನ ತಂಪಿನಲ್ಲಿ. ಬೋರ್ ನೀರಿನಲ್ಲಿ ತೊಳೆದರೆ ಒಣಗುವ ಮುನ್ನ ಒರೆಸಬೇಕು, ಇಲ್ಲವಾದರೆ ಬಿಳಿ ಕಲೆ ಕಟ್ಟಿಕೊಳ್ಳುತ್ತದೆ. ಬಿಸಿಲಿನ ಕಾವು ಹೆಚ್ಚಿದಷ್ಟೂ ಕರೆಂಟು ಹೆಚ್ಚು ಎಂದು ಭಾವಿಸಬೇಡಿ. ಪ್ಯಾನೆಲ್ ಕಾದಂತೆಲ್ಲ, 25 ಡಿಗ್ರಿಯ ಮೇಲೆ ಪ್ರತಿ ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ. ಶೀಟಿಗೆ ಅಂಟಿಸಿದಂತೆ ಕೂರಿಸದೆ ಅಡಿಯಲ್ಲಿ ಗಾಳಿ ಓಡಾಡಲು ಜಾಗ ಬಿಡಿಸಬೇಕಾದದ್ದು ಇದಕ್ಕೇ.

ಈ ನೆಲಕ್ಕೂ ಸೂರ್ಯನಿಗೂ ಹಳೆಯ ನಂಟಿದೆ. ಗೌರಿಬಿದನೂರಿನ ಹತ್ತಿರ 1976ರಿಂದ ರೇಡಿಯೊ ದೂರದರ್ಶಕ ಇದೆ. ಭಾರತೀಯ ಖಭೌತ ಸಂಸ್ಥೆ ಅಲ್ಲಿ 1997ರಿಂದ ರೇಡಿಯೊಹೀಲಿಯೊಗ್ರಾಫ್ ಇಟ್ಟು ಸೂರ್ಯನ ಕರೋನಾ ಹೊಮ್ಮಿಸುವ ರೇಡಿಯೊ ಅಲೆಗಳನ್ನು ಹಿಡಿಯುತ್ತಿದೆ. ನೂರು ಮೆಗಾಹರ್ಟ್ಸ್ ಆಸುಪಾಸಿನ ತೀರಾ ಕ್ಷೀಣ ಅಲೆಗಳು ಅವು. ಕಳಪೆ ಇನ್ವರ್ಟರ್‌ಗಳು ಹೊರಗೆ ಚೆಲ್ಲುವ ರೇಡಿಯೊ ಗದ್ದಲ ಇಂಥ ಕೆಲಸಕ್ಕೆ ಅಡ್ಡಿ. ಮನೆಯಲ್ಲಿ ಇನ್ವರ್ಟರ್ ಹಾಕಿದ ಕೂಡಲೇ ಆಕಾಶವಾಣಿ ಕರಕರ ಎಂದರೆ ಆ ಮಾಲು ಒಳ್ಳೆಯದಲ್ಲ ಎಂದು ತಿಳಿಯಿರಿ. ಪ್ಯೂರ್ ಸೈನ್‌ವೇವ್‌ನ, ಬಿಐಎಸ್ ಗುರುತಿನ ಇನ್ವರ್ಟರ್ ಕೊಂಡರೆ ಫ್ಯಾನೂ ಗುಂಯ್‌ಗುಡುವುದಿಲ್ಲ, ಪಕ್ಕದಲ್ಲಿ ಸೂರ್ಯನನ್ನು ಆಲಿಸುತ್ತಿರುವ ವಿಜ್ಞಾನಿಗಳಿಗೂ ತೊಂದರೆಯಾಗದು.

ಅತಿ ಗಂಭೀರವಾದ ಮಾತೊಂದಿದೆ. ಕರೆಂಟು ಹೋದಾಗ ಜನರೇಟರಿನ ಅಥವಾ ಇನ್ವರ್ಟರಿನ ವೈರನ್ನು ಗೋಡೆಯ ಪ್ಲಗ್ಗಿಗೇ ಚುಚ್ಚಿ ಇಡೀ ಮನೆಗೆ ಕರೆಂಟು ಹರಿಸುವ ಅಭ್ಯಾಸ ಕೆಲವು ಕಡೆ ಇದೆ. ಮೇನ್ ಸ್ವಿಚ್ ಇಳಿಸಲು ಮರೆತರೆ ಆ ಕರೆಂಟು ಮೀಟರ್ ದಾಟಿ ಟಿಸಿಗೆ ಹೋಗಿ, ಅಲ್ಲಿಂದ ಸಾವಿರಾರು ವೋಲ್ಟ್ ಆಗಿ ಹಿಂದಿನ ತಂತಿಗೆ ಏರುತ್ತದೆ. ಕಂಬದ ಮೇಲಿರುವವನು ನಮ್ಮ ನಿಮ್ಮ ಊರಿನ ಹುಡುಗನೇ. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಯಾವ ಬ್ಯಾಕಪ್ಪನ್ನೂ ಮನೆಯ ವೈರಿಂಗಿಗೆ ಸೇರಿಸಬೇಡಿ. ಅರ್ಥಿಂಗ್, ಸಿಡಿಲು ತಡೆಯ ಕೆಲಸವನ್ನೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಭೌತವಿಜ್ಞಾನದ ಮೇಷ್ಟ್ರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳದೆ ಏನನ್ನೂ ಒಪ್ಪಿಕೊಳ್ಳಬಾರದೆಂದು ಜೀವನವಿಡೀ ಹೇಳಿಕೊಂಡು ಬಂದರು. ಸೋಲಾರ್ ಮಾರುವವರ ಮುಂದೆ ಅವರ ಊರಿನವರು ಬಾಯಿ ಕಟ್ಟಿಕೊಂಡು ಕೂರಬೇಕಾಗಿಲ್ಲ. ದೀಪ ಎಷ್ಟು ಗಂಟೆ ಉರಿಯುತ್ತದೆ, ಬ್ಯಾಟರಿ ಗ್ಯಾರಂಟಿ ಎಷ್ಟು ವರ್ಷ, ಕೆಟ್ಟರೆ ಯಾರು ಬರುತ್ತಾರೆ, ಹಳೆಯ ಬ್ಯಾಟರಿ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೇ ಬರೆಸಿಕೊಳ್ಳಿ. ಹಳೆಯ ಬ್ಯಾಟರಿ ಹಿಂಪಡೆಯುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೇ ಹಾಕಿವೆ. ಗುಜರಿಗೆ ಹೋಗಿ ಬಯಲಲ್ಲಿ ಒಡೆದ ಬ್ಯಾಟರಿಯ ಸೀಸ ಮಣ್ಣಿಗೂ ನೀರಿಗೂ ಸೇರುತ್ತದೆ.

ಉಳಿದದ್ದು ದುಡ್ಡಿನ ಮಾತು. ಬ್ಯಾಟರಿಗೆ ಸೂರ್ಯಘರ್‌ನ ಸಹಾಯಧನವಿಲ್ಲ, ಹಾಗಾಗಿ ಸಾಲವೇ ದಾರಿ. ಇದಕ್ಕೆ ಕರ್ನಾಟಕದಲ್ಲೇ ಮಾದರಿಯಿದೆ. 1995ರಲ್ಲಿ ಹರೀಶ್ ಹಂದೆ ಮತ್ತು ನೆವಿಲ್ ವಿಲಿಯಮ್ಸ್ ಸೆಲ್ಕೊ ಸಂಸ್ಥೆ ಕಟ್ಟಿದಾಗ, ಬಡವರು ಸೋಲಾರ್ ಕೊಳ್ಳಲಾರರು, ನಿಭಾಯಿಸಲಾರರು ಎಂದೇ ಎಲ್ಲರ ನಂಬಿಕೆ. ಅವರು ಮಾಡಿದ್ದು ಸರಳ ಕೆಲಸ: ಮನೆಗೆ ಹೋಗಿ ಎಷ್ಟು ದೀಪ ಬೇಕೆಂದು ನೋಡಿ ಅಷ್ಟನ್ನೇ ಕೊಟ್ಟರು, ಆ ಮನೆಗೆ ದುಡ್ಡು ಬರುವ ರೀತಿಗೆ ಹೊಂದುವ ಕಂತಿಗೆ ಗ್ರಾಮೀಣ ಬ್ಯಾಂಕುಗಳನ್ನು ಒಪ್ಪಿಸಿದರು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಕೆನರಾ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕುಗಳ ಜೊತೆ ಸೇರಿ ಮನೆ ಸೋಲಾರಿಗೆ ಕಡಿಮೆ ಬಡ್ಡಿಯ ಸಾಲ ಕೊಡಿಸಿದಾಗ ಕೆಲವೇ ವರ್ಷಗಳಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಬೆಳಕು ಬಂತು. ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೇ.

ತೋಟದ ಮನೆಗೆ ದುಡ್ಡು ತಿಂಗಳ ಮೊದಲ ತಾರೀಕು ಬರುವುದಿಲ್ಲ. ಹಾಲಿನ ಬಟವಾಡೆಯ ದಿನ ಬರುತ್ತದೆ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಗೂಡು ಹರಾಜಾದ ದಿನ ಬರುತ್ತದೆ. ಕಂತೂ ಆ ದಿನಗಳಿಗೇ ಹೊಂದಬೇಕು. ಹಸು ಸಾಲದ ಕಂತನ್ನು ಡೇರಿಯವರು ಬಟವಾಡೆಯಲ್ಲಿ ಹಿಡಿದು ಬ್ಯಾಂಕಿಗೆ ಕಟ್ಟುವ ಕ್ರಮ ಹಳ್ಳಿಗಳಿಗೆ ಹೊಸದಲ್ಲ. ಅದನ್ನೇ ಮನೆ ಸೋಲಾರಿಗೂ ಹುಳುಮನೆ ಸೋಲಾರಿಗೂ ವಿಸ್ತರಿಸಲು ಯಾವ ಅಡ್ಡಿಯೂ ಕಾಣದು. ಹತ್ತು ಮನೆಯವರು ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತದೆ, ರಿಪೇರಿಗೆ ಕರೆದಾಗ ಕಂಪನಿಯವನೂ ಬರುತ್ತಾನೆ.

ಆದ್ದರಿಂದ ಈ ಪತ್ರದ ಕೋರಿಕೆ ಒಂದೇ. ಹಾಲು ಉತ್ಪಾದಕರ ಸಂಘಗಳ ವಾರ್ಷಿಕ ಸರ್ವ ಸದಸ್ಯರ ಸಭೆ ಸೆಪ್ಟೆಂಬರ್‌ನೊಳಗೆ ನಡೆಯುತ್ತದೆ. ಬ್ಯಾಟರಿ ಸಹಿತ ಸೋಲಾರಿಗೆ ಬ್ಯಾಂಕ್ ಸಾಲ, ಬಟವಾಡೆಯಲ್ಲಿ ಕಂತು ಎಂಬ ವಿಷಯವನ್ನು ಈ ಸಲದ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ನಿಮ್ಮ ಸಂಘದ ಕಾರ್ಯದರ್ಶಿಗೆ ಲಿಖಿತ ಅರ್ಜಿ ಕೊಡಿ. ತೋಟದ ಮನೆಯವರೆಲ್ಲ ಸಹಿ ಹಾಕಿ, ಪ್ರತಿ ಮನೆಯ ಲೋಡಿನ ಪಟ್ಟಿಯನ್ನು ಅದರ ಜೊತೆಗೇ ಲಗತ್ತಿಸಿ.